ಯೀಸ್ಟಿನ ಉಸಿರು ಕಂಡ ಬಗೆ



ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸತಕ್ಕ ಯೀಸ್ಟನ್ನು ನಾವೆಲ್ಲರೂ ಬಲ್ಲೆವು. (ಇಡ್ಲಿಯ ಹಿಟ್ಟಿನಲ್ಲಿ ಹೆಚ್ಚಿನ ಕೆಲಸ ಬ್ಯಾಕ್ಟೀರಿಯಗಳದು, ಆ ಕಥೆ ಬೇರೆ.) ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಹೊರಬಿಡುತ್ತದೆ, ಗಾಳಿ ದೊರೆತರೆ ಉಸಿರಾಡಲೂ ಬಲ್ಲುದು. ಆ ಪುಟ್ಟ ಜೀವಕಣದೊಳಗೆ ನಡೆಯುವುದೇನು? 1897ರಲ್ಲಿ ಎಡ್ವರ್ಡ್ ಬುಕ್ನರನು ಯೀಸ್ಟನ್ನು ಅರೆದು ಹಿಂಡಿ, ಜೀವಕಣವಿಲ್ಲದ ಬರಿಯ ರಸವೂ ಸಕ್ಕರೆಯನ್ನು ಹುದುಗಿಸುವುದೆಂದು ತೋರಿಸಿದನು. ದೊಡ್ಡ ಶೋಧವೇ ಸರಿ. ಆದರೆ ಗಡಿಯಾರವನ್ನು ಬಿಚ್ಚಿ ಗಾಲಿಗಳನ್ನೆಣಿಸಿದ ಮಾತ್ರಕ್ಕೆ ಅದು ನಡೆಯುವುದನ್ನು ಕಂಡಂತಾದೀತೆ? ಕಣವನ್ನು ಕೊಲ್ಲದೆ ಒಳಗನ್ನು ನೋಡುವ ಉಪಾಯ ಬೇಕಾಗಿತ್ತು. ಅದು ಬೆಳಕಿನಿಂದ ಒದಗಿತು.

ಬಿಳಿಯ ಬೆಳಕನ್ನು ಒಂದು ವಸ್ತುವಿನ ಮೂಲಕ ಹಾಯಿಸಿ, ಗಾಜಿನ ಪಟ್ಟಕದಿಂದ ಬಣ್ಣಬಣ್ಣವಾಗಿ ಹರಡಿದರೆ, ಆ ವಸ್ತು ನುಂಗಿದ ಬಣ್ಣಗಳ ಎಡೆಯಲ್ಲಿ ಕಪ್ಪು ಪಟ್ಟೆಗಳು ಕಾಣುತ್ತವೆ. ಕೇಂಬ್ರಿಜ್ಜಿನಲ್ಲಿ ಡೇವಿಡ್ ಕೈಲಿನ್ ಎಂಬ ವಿಜ್ಞಾನಿಯು, ಕುದುರೆಯ ಜಠರದಲ್ಲಿ ಮರಿಯಾಗಿ ಬೆಳೆಯತಕ್ಕ ಒಂದು ಬಗೆಯ ನೊಣವನ್ನು ಹೀಗೆ ಪರೀಕ್ಷಿಸುತ್ತಿದ್ದನು. ಅದರ ಎದೆಯ ಸ್ನಾಯುಗಳಲ್ಲಿ ಕಂಡ ನಾಲ್ಕು ಪಟ್ಟೆಗಳು ಯೀಸ್ಟಿನಲ್ಲಿಯೂ ಕಂಡುವು. ಯೀಸ್ಟ್ ಬೆರೆಸಿದ ನೀರನ್ನು ಗಾಳಿಯೊಡನೆ ಕುಲುಕಿದನು, ಪಟ್ಟೆಗಳು ಮಾಯವಾದುವು. ಸುಮ್ಮನೆ ಬಿಟ್ಟನು, ಯೀಸ್ಟು ಆಮ್ಲಜನಕವನ್ನು ತೀರಿಸಿದೊಡನೆ, ಕೆಲವೇ ಕ್ಷಣಗಳಲ್ಲಿ, ಮರಳಿ ಮೂಡಿದುವು. ಜೀವಂತ ಕಣದ ಉಸಿರಾಟವನ್ನು ಕಣ್ಣಾರೆ ಕಂಡಂತಾಯಿತು! 1925ರಲ್ಲಿ ಆ ವರ್ಣದ್ರವ್ಯಕ್ಕೆ ಸೈಟೊಕ್ರೋಮ್ ಎಂದು ಹೆಸರಿಟ್ಟನು. ಸಕ್ಕರೆಯಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಆಮ್ಲಜನಕದತ್ತ ಸಾಗಿಸುವುದು ಅದರ ಕೆಲಸ. ಎಲೆಕ್ಟ್ರಾನು ಅದರ ವಶದಲ್ಲಿರುವಾಗ ಪಟ್ಟೆಯುಂಟು, ಕೊಟ್ಟೊಡನೆ ಮಾಸುತ್ತದೆ.

ಇಲ್ಲಿ ಒಬ್ಬನನ್ನು ನೆನೆಯದಿದ್ದರೆ ಅನ್ಯಾಯವಾದೀತು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಪಟ್ಟಣದ ವೈದ್ಯ ಚಾರ್ಲ್ಸ್ ಮ್ಯಾಕ್‌ಮನ್ ಪ್ರಾಣಿಗಳ ದೇಹದಲ್ಲಿ ಇಂತಹವೇ ಪಟ್ಟೆಗಳನ್ನು 1880ರ ದಶಕದಲ್ಲಿಯೇ ಕಂಡಿದ್ದನು. ಜರ್ಮನಿಯ ಪ್ರಖ್ಯಾತ ವಿದ್ವಾಂಸ ಹೊಪ್ಪೆ-ಸೈಲರನು ಅದನ್ನು ಒಪ್ಪಲಿಲ್ಲ, ಲೋಕವೂ ಮರೆಯಿತು. 1911ರಲ್ಲಿ ಮ್ಯಾಕ್‌ಮನ್ ತೀರಿಕೊಂಡನು. ಕೈಲಿನನು ತನ್ನ ಪ್ರಬಂಧದಲ್ಲಿ ಅವನ ಕೆಲಸವನ್ನು ಎತ್ತಿ ಹೇಳಿದುದು ನಮಗೆ ಆ ಶೋಧದಷ್ಟೇ ಮೆಚ್ಚಿಗೆಯಾದ ಸಂಗತಿ.

ಸಕ್ಕರೆಯು ಒಡೆಯುವಾಗ ಎನ್.ಎ.ಡಿ.ಎಚ್. ಎಂಬ ಇನ್ನೊಂದು ದ್ರವ್ಯ ಹುಟ್ಟುತ್ತದೆ. ಅದು 340 ನ್ಯಾನೊಮೀಟರಿನ ಅತಿನೇರಳೆ ಕಿರಣವನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ. 1964ರಲ್ಲಿ ಬ್ರಿಟನ್ ಚಾನ್ಸ್ ಮತ್ತು ಸಂಗಡಿಗರು ಯೀಸ್ಟಿಗೆ ಸಕ್ಕರೆಯನ್ನಿತ್ತು ಈ ಹೊಳಪನ್ನು ಅಳೆದರು. ಅದು ಏರುತ್ತ ಇಳಿಯುತ್ತ ಹೋಗಿ, ಮೆಲ್ಲಮೆಲ್ಲನೆ ಅಡಗಿತು. ಒಂದು ಪಾತ್ರೆಯ ಅಸಂಖ್ಯ ಕಣಗಳು ಹೀಗೆ ಒಂದೇ ತಾಳಕ್ಕೆ ನಡೆಯುವುದೆಂತು? ಒಂದು ಕಣ ಹೊರಬಿಟ್ಟ ಅಸಿಟಾಲ್ಡಿಹೈಡನ್ನು ಇನ್ನೊಂದು ಅರಿತುಕೊಳ್ಳುವುದರಿಂದ ಎಂಬ ಉತ್ತರವು 1996ರಲ್ಲಿ ಪ್ರಕಟವಾಯಿತು.