ಮೀನಿನ ಜೊತೆಗೆ ನಮ್ಮ ಮನೆಯ ಚಟ್ನಿ

(ಬ್ರೂಸ್‌ಪೇಟೆಯಲ್ಲಿ ಸ್ವ-ಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಭಾಷಣ)



ಉಳಿತಾಯ, ಸಾಲದ ಮಾತನ್ನು ಪ್ರತಿ ವಾರ ಆಡ್ತೀವಿ. ಇವತ್ತು ಅಡಿಗೆಮನೆಯ ಒಂದು ವಿಷಯ ಹೇಳ್ತೀನಿ.

ನಮ್ಮ ಮನೆಯವರಿಗೆ ಬಿ.ಪಿ. ಇದೆ. ಮೀನು ಒಳ್ಳೆಯದು ಅಂತ ಭಾನುವಾರ ತುಂಗಭದ್ರಾ ಡ್ಯಾಮಿನ ರೋಹು, ಕಾಟ್ಲಾ ತಂದು ಹುರಿದು ಕೊಡ್ತಿದ್ದೆ. ಪಕ್ಕದಲ್ಲಿ ಸಾಸ್ ಬಾಟಲಿ ಇಡ್ತಿದ್ದೆ. ಮಕ್ಕಳಂತೂ ಮೀನಿಗಿಂತ ಸಾಸನ್ನೇ ಹೆಚ್ಚು ತಿಂತಿದ್ರು. "ಸಾರಿಗೆ ಉಪ್ಪು ಕಡಿಮೆ ಮಾಡೀನ್ರಿ, ಆದ್ರೂ ಬಿ.ಪಿ. ಇಳಿವಲ್ದು" ಅಂತ ಡಾಕ್ಟರಿಗೆ ಹೇಳಿದೆ. ಅವರು, "ಉಪ್ಪಿನಕಾಯಿ, ಹಪ್ಪಳ, ಸಾಸಿನ ಉಪ್ಪು ಲೆಕ್ಕ ಹಾಕೀರೇನಮ್ಮಾ?" ಅಂದರು. ನಾನು ಹಾಕಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂದ್ರೆ ಒಂದು ಟೀ ಚಮಚದಷ್ಟೂ ಬೇಡ. ಟೊಮೆಟೊ ಸಾಸಿನಲ್ಲಿ ಉಪ್ಪಿನ ಜೊತೆ ಸಕ್ಕರೆಯೂ ಇದೆ. ಒಂದು ದೊಡ್ಡ ಚಮಚ ಸಾಸಿನಲ್ಲಿ ಸುಮಾರು 4 ಗ್ರಾಂ ಸಕ್ಕರೆ, ಅಂದ್ರೆ ಒಂದು ಟೀ ಚಮಚ! ಬಿಳಿ ಮಯೋನೀಸ್‌ನಲ್ಲಿ ಹೆಚ್ಚಿನ ಪಾಲು ಎಣ್ಣೆ. ಹಸಿ ಮೊಟ್ಟೆಯಿಂದ ಮಾಡಿದ್ದಾದರೆ ಹೊಟ್ಟೆ ಕೆಡುವ ಅಪಾಯವೂ ಇದೆ. ಅದಕ್ಕೇ ತೆಲಂಗಾಣ ಸರ್ಕಾರ 2024ರಲ್ಲಿ, ತಮಿಳುನಾಡು ಸರ್ಕಾರ 2025ರಲ್ಲಿ ಅದನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದವು.

ಈಗ ನಮ್ಮ ಮನೆಯಲ್ಲಿ ಮಾಡುವ ಚಟ್ನಿ ಕೇಳ್ರಿ. ಆರು ಜನಕ್ಕೆ ಸಾಕಾಗುತ್ತದೆ.

ಬೇಕಾಗುವ ಸಾಮಾನು: ಹಣ್ಣಾದ ಟೊಮೆಟೊ 4, ಹುರಿದ ಶೇಂಗಾ 2 ದೊಡ್ಡ ಚಮಚ, ಹಸಿಮೆಣಸಿನಕಾಯಿ 2, ಬೆಳ್ಳುಳ್ಳಿ 6 ಎಸಳು, ಜೀರಿಗೆ ಅರ್ಧ ಟೀ ಚಮಚ, ಕೊತ್ತಂಬರಿ ಸೊಪ್ಪು ಒಂದು ಹಿಡಿ, ಪುದೀನ ಸ್ವಲ್ಪ, ಅರ್ಧ ನಿಂಬೆಹಣ್ಣು, ಉಪ್ಪು ಕಾಲು ಟೀ ಚಮಚ.

ಮಾಡುವ ವಿಧಾನ: ರೊಟ್ಟಿ ಹಂಚಿನ ಮೇಲೆ ಎಣ್ಣೆ ಇಲ್ಲದೆ ಟೊಮೆಟೊ, ಮೆಣಸಿನಕಾಯಿ, ಬೆಳ್ಳುಳ್ಳಿ ಸುಡ್ರಿ. ಟೊಮೆಟೊ ಸಿಪ್ಪೆ ಬಿರಿದು ಮೆತ್ತಗಾಗಲಿ. ಆರಿದ ಮೇಲೆ ಸಿಪ್ಪೆ ತೆಗೆದು, ಉಳಿದದ್ದನ್ನೆಲ್ಲ ಸೇರಿಸಿ ರುಬ್ಬಿರಿ. ನಿಂಬೆರಸ ಕೊನೆಗೆ ಹಿಂಡ್ರಿ. ಹುಳಿ, ಬೆಳ್ಳುಳ್ಳಿ, ಪುದೀನ ಇದ್ದರೆ ಉಪ್ಪು ಕಡಿಮೆಯಾಗಿದ್ದು ನಾಲಿಗೆಗೆ ಗೊತ್ತಾಗೋದಿಲ್ಲ.

ಬೂಸಲು ಹಿಡಿದ, ಕಪ್ಪಾದ ಶೇಂಗಾ ಕಾಳು ಆರಿಸಿ ಎಸೆಯಿರಿ. ಶೇಂಗಾ ಒಗ್ಗದವರು ಪುಟಾಣಿ ಹಾಕಬಹುದು. ಮೀನಿಗೆ ಹಚ್ಚುವ ಮಸಾಲೆಯಲ್ಲೂ ಉಪ್ಪು ಇರುತ್ತದೆ, ಅಲ್ಲಿಯೂ ಕೈ ಹಿಡಿಯಿರಿ. ಮೀನನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಬದಲು ಹಂಚಿನ ಮೇಲೆ ಹುರಿಯಿರಿ.

ಇದು ಕೆಡದಂತೆ ಏನನ್ನೂ ಹಾಕದ ಚಟ್ನಿ. ಮಾಡಿದ ದಿನವೇ ಮುಗಿಸಿರಿ. ಫ್ರಿಜ್ ಇದ್ದರೆ ಮರುದಿನದವರೆಗೆ ಸರಿ. ಸಂಘದಿಂದ ಮೀನು ಹುರಿದು ಮಾರಬೇಕೆನ್ನುವವರು ದಿನಾ ಹೊಸದಾಗಿ ರುಬ್ಬಿಕೊಳ್ಳಬೇಕು, ಬಾಟಲಿಗೆ ತುಂಬಿಡಬಾರದು. ಆಹಾರ ಸುರಕ್ಷತಾ ನೋಂದಣಿಯನ್ನೂ ಮಾಡಿಸಬೇಕು.

ಒಂದು ಮಾತು ನೆನಪಿಡ್ರಿ. ಚಟ್ನಿ ತಿಂದ ಮಾತ್ರಕ್ಕೆ ಬಿ.ಪಿ. ವಾಸಿಯಾಗೋದಿಲ್ಲ, ಗುಳಿಗೆ ಬಿಡಬೇಡ್ರಿ. ಆದರೆ ಗುಳಿಗೆ ನುಂಗಿಸುವ ಕೈಯಿಂದಲೇ ಉಪ್ಪನ್ನೂ ಬಡಿಸಿದರೆ ಏನು ಬಂತು? ಮೊದಲು ಮಕ್ಕಳು "ಸಾಸ್ ಎಲ್ಲಿ?" ಅಂತ ಮುಖ ಊದಿಸಿದ್ರು. ಮೂರನೇ ಭಾನುವಾರ ಚಟ್ನಿ ಬಟ್ಟಲು ತಾವೇ ಬಳಿದು ಖಾಲಿ ಮಾಡಿದ್ರು.

ಈ ಭಾನುವಾರ ನೀವೂ ಮಾಡಿ ನೋಡ್ರಿ. ಹೇಗಾಯ್ತು ಅಂತ ಮುಂದಿನ ವಾರದ ಸಭೆಯಲ್ಲಿ ಹೇಳ್ರಿ.