ಕಕ್ಕಿಂಜೆಯಲ್ಲಿ ಬಿಚ್ಚಿದ ಗಡಿಯಾರ

ಇವತ್ತು ಯಾವ ಪಕ್ಷದ ಸುದ್ದಿಯೂ ಬೇಡ. ಯಾರು ಯಾರಿಗೆ ಏನಂದ್ರು ಅನ್ನೋದನ್ನ ಸಂಜೆಯಿಂದ ನೋಡ್ತಾ ಇದ್ದೀರಿ, ಸಾಕು. ನಾನಿವತ್ತು ನನ್ನದೇ ಒಂದು ವ್ಯಾಪಾರದ ವಿಷಯ ಹೇಳ್ತೀನಿ. ನನ್ನ ಹತ್ತಿರ ಒಂದು ವಾಚ್ ಇತ್ತು. ಅದನ್ನ ಮಾರಬೇಕಿತ್ತು. ಮಾರುವಾಗ ಸುಳ್ಳು ಹೇಳಬೇಕೋ ಬೇಡವೋ ಅಂತ ಎರಡು ವಾರ ಯೋಚನೆ ಮಾಡಿದೆ. ಹೌದು, ಎರಡು ವಾರ. ಇದೇ ಕುರ್ಚಿಯಲ್ಲಿ ಕೂತು ಊರವರ ಸುಳ್ಳನ್ನೆಲ್ಲ ಎರಡು ನಿಮಿಷದಲ್ಲಿ ತೀರ್ಮಾನ ಮಾಡೋ ಮನುಷ್ಯ ನಾನು.

ಆ ವಾಚನ್ನ ನಿಮ್ಮಲ್ಲಿ ಕೆಲವರು ನೋಡಿರ್ತೀರಿ. ಕಪ್ಪು ಡಯಲ್, ಸುತ್ತ ತಿರುಗೋ ಕಪ್ಪು ಬಳೆ, ದಪ್ಪ ದಪ್ಪ ಮುಳ್ಳು. ಮುಳ್ಳಿನ ಮೇಲಿನ ಹೊಳೆಯೋ ಬಣ್ಣ ಹಳೇ ಕಾಲದ್ದರ ಹಾಗೆ ಕೆನೆಗಟ್ಟಿತ್ತು. ಕಾಗದ ತಿರುಗಿಸೋ ನೆಪದಲ್ಲಿ ಎಡಗೈಯನ್ನ ಕ್ಯಾಮೆರಾಗೆ ಕಾಣೋ ಹಾಗೆ ಇಟ್ಕೊಳ್ತಿದ್ದೆ, ಈಗ ಹೇಳೋಕೇನು ನಾಚಿಕೆ. ಬೆಂಗಳೂರಿನಲ್ಲಿ ಒಬ್ಬರಿಂದ 38,000 ರೂಪಾಯಿಗೆ ತಗೊಂಡಿದ್ದು. ಎಪ್ಪತ್ತರ ದಶಕದ್ದು, ಸಮುದ್ರದಲ್ಲಿ ಮುಳುಗುವವರು ಕಟ್ಟಿಕೊಳ್ತಿದ್ದ ಡೈವರ್ ವಾಚ್, ಪೂರ್ತಿ ಒರಿಜಿನಲ್ ಅಂದ್ರು. ಡಯಲ್ ಮೇಲೆ ದೊಡ್ಡ ಸ್ವಿಸ್ ಕಂಪನಿಯ ಹೆಸರು. ಅದರ ಕೆಳಗೆ '200 ಮೀಟರ್'. ಆ ಹೆಸರಿನ ಹಳೇ ವಾಚ್ ಆ ದುಡ್ಡಿಗೆ ಸಿಗೋದಿಲ್ಲ ಅಂತ ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದ್ರೆ ಅಗ್ಗ ಅಂದ ಕೂಡಲೇ ನಮ್ಮ ಬಾಯಲ್ಲಿ ಪ್ರಶ್ನೆಗಳು ಒಣಗಿ ಹೋಗ್ತವೆ.

ಈ ಜಾತಿಯ ಗಡಿಯಾರದ ಬಗ್ಗೆ ಎರಡು ಮಾತು ಹೇಳಿಬಿಡ್ತೀನಿ. 1953ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಬ್ಲಾಂಕ್‌ಪೇನ್ ಕಂಪನಿ 'ಫಿಫ್ಟಿ ಫ್ಯಾದಮ್ಸ್' ಅಂತ ಒಂದು ವಾಚ್ ಮಾಡ್ತು. ರೋಲೆಕ್ಸ್‌ನವರ ಸಬ್‌ಮರಿನರ್ ಕೂಡ ಅದೇ ಕಾಲದ್ದು. ಫ್ಯಾದಮ್ ಅಂದ್ರೆ ಬೇರೇನಲ್ಲ, ನಮ್ಮ ಮಾರು. ಎರಡೂ ಕೈ ಚಾಚಿ ಬಾವಿ ಹಗ್ಗ ಅಳೀತೀವಲ್ಲ, ಅದೇ ಮಾರು. ಐವತ್ತು ಮಾರು ಅಂದ್ರೆ ಸುಮಾರು 91 ಮೀಟರ್ ಆಳ. 1965ರಲ್ಲಿ ಜಪಾನಿನ ಸೀಕೋ ತನ್ನ ಮೊದಲ ಡೈವರ್ ವಾಚ್ ತಂತು, 150 ಮೀಟರಿನದ್ದು. ಆ ತಿರುಗೋ ಬಳೆ ಚಂದಕ್ಕೆ ಇರೋದಲ್ಲ. ಮುಳುಗುವವನು ಬಳೆಯ ಗುರುತನ್ನ ನಿಮಿಷದ ಮುಳ್ಳಿಗೆ ಹೊಂದಿಸಿ ನೀರಿಗೆ ಇಳೀತಾನೆ, ಎಷ್ಟು ಹೊತ್ತಾಯ್ತು ಅಂತ ಅದರಲ್ಲೇ ನೋಡ್ತಾನೆ. ಕೈ ತಾಗಿ ಬಳೆ ಜಾರಿದ್ರೂ ಕಳೆದ ಹೊತ್ತು ಜಾಸ್ತಿ ಅಂತ ತೋರಿಸಬೇಕೇ ಹೊರತು ಕಮ್ಮಿ ಅಂತ ತೋರಿಸಬಾರದು. ಅದಕ್ಕೇ ಅದು ಒಂದೇ ದಿಕ್ಕಿಗೆ ತಿರುಗಬೇಕು. ಕಮ್ಮಿ ತೋರಿಸಿದ್ರೆ ಕೆಳಗಿರುವವನ ಗಾಳಿ ಮುಗಿದು ಹೋಗುತ್ತೆ. ಇದಕ್ಕೆಲ್ಲ ಐಎಸ್ಒ 6425 ಅಂತ ಒಂದು ಮಾನದಂಡವೇ ಇದೆ. 200 ಮೀಟರ್ ಅಂತ ಬರೆದು ಡೈವರ್ ವಾಚ್ ಅಂತ ಮಾರಬೇಕಾದ್ರೆ 250 ಮೀಟರಿನ ಒತ್ತಡದಲ್ಲಿ ಇಟ್ಟು ನೋಡಿರಬೇಕು. ಅದೂ ನೂರರಲ್ಲಿ ಒಂದನ್ನ ಆರಿಸಿ ನೋಡೋದಲ್ಲ, ಪ್ರತಿಯೊಂದನ್ನೂ.

ನನ್ನ 200 ಮೀಟರ್ ವಾಚ್ ಎಲ್ಲಿ ಸೋತಿತು ಗೊತ್ತಾ? ಮೊಣಕಾಲುದ್ದ ನೀರಲ್ಲಿ.

ಬೆಳ್ತಂಗಡಿ ತಾಲೂಕಿನ ಕಕ್ಕಿಂಜೆ ಹತ್ತಿರ ನನ್ನ ಚಿಕ್ಕಮ್ಮನ ಮನೆ. ಉಜಿರೆ ದಾಟಿ ಚಾರ್ಮಾಡಿ ಘಾಟಿಗೆ ಹೋಗೋ ದಾರಿಯಲ್ಲಿ ಸಿಗೋ ಪೇಟೆ ಅದು. ಮಳೆಗಾಲ ಮುಗಿದು ಹೊಳೆ ತಿಳಿಯಾಗಿದ್ದ ಸಮಯ, ಒಂದು ಪೂಜೆಗೆ ಅಂತ ಹೋಗಿದ್ದೆ. ಮಕ್ಕಳ ಜೊತೆ ನೀರಿಗಿಳಿದೆ. ನೀರಿಗಂತಲೇ ಮಾಡಿದ ವಾಚ್, ಬಿಚ್ಚೋದು ಯಾಕೆ? ಹೊರಗೆ ಬರೋ ಹೊತ್ತಿಗೆ ಗ್ಲಾಸಿನ ಒಳಗೆ ಮಂಜು. ಚಿಕ್ಕಮ್ಮನ ಮಗ ನೋಡಿ ನಕ್ಕ. "ಎಂತ ಭಾವ, ಚಾರ್ಮಾಡಿಯ ಮಂಜು ಇದರೊಳಗೂ ಇಳಿಯಿತಾ?" ಅಂದ.

ಮರುದಿನ ಪೇಟೆಯ ವಾಚ್ ರಿಪೇರಿ ಅಂಗಡಿಗೆ ಕರ್ಕೊಂಡು ಹೋದ. ಅಂಗಡಿ ಅಂದ್ರೆ ಒಬ್ಬರು ಕೂತ್ರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು, ಅಷ್ಟೇ ಜಾಗ. ಎಲ್ಲರೂ ಅವರನ್ನ ಕಾಕ ಅಂತಾರೆ, ನಾನೂ ಹಾಗೇ ಕರೆದೆ. ಆ ಕಡೆ ಗಲ್ಫಿಗೆ ಹೋದ ಮನೆಗಳು ಬಹಳ. ಅಲ್ಲಿಂದ ಬಂದ ಸೀಕೋ, ಸಿಟಿಜನ್ ವಾಚುಗಳನ್ನ ರಿಪೇರಿ ಮಾಡಿ ಮಾಡಿ ಪಳಗಿದ ಕೈ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತಿರುಗಿಸಿ ತೆಗೆದ್ರು. ಒಂದು ನಿಮಿಷ ಏನೂ ಮಾತಾಡಲಿಲ್ಲ.

"ಎಷ್ಟು ಕೊಟ್ರಿ ಸಾರ್?"

ಹೇಳಿದೆ. ಅವರು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು.

"ಮೆಷಿನ್ ಜಪಾನಿನದ್ದು, ಎನ್‌ಎಚ್ 35. ಒಳ್ಳೇ ಮೆಷಿನ್, ಬೈಬಾರದು. ಆದ್ರೆ ಎಪ್ಪತ್ತರಲ್ಲಿ ಇದು ಹುಟ್ಟಲೇ ಇಲ್ಲ. ಕೇಸ್ ಹೊಸತು, ಗೀಚಿ ಹಳತು ಮಾಡಿದ್ದು. ಡಯಲ್ ಈಗ ಪ್ರಿಂಟ್ ಹೊಡೆದದ್ದು. ಮುಳ್ಳು ಮತ್ತೊಂದು ಕಡೆಯದ್ದು, ಈ ಬಣ್ಣ ನೋಡಿ, ಹಳತಾಗಿ ಹಳದಿ ಆದದ್ದಲ್ಲ, ಹಳದಿಯೇ ಹಚ್ಚಿದ್ದು. ವಾಷರ್ ಸರಿ ಕೂತೇ ಇಲ್ಲ. ಇದು ಅವಿಲು ಸಾರ್."

ಕರಾವಳಿಯವರಿಗೆ ವಿವರಿಸಬೇಕಿಲ್ಲ, ಉಳಿದವರಿಗೆ ಹೇಳ್ತೀನಿ. ಸಿಕ್ಕಿದ ತರಕಾರಿಯನ್ನೆಲ್ಲ ಉದ್ದುದ್ದ ಹೆಚ್ಚಿ, ತೆಂಗಿನಕಾಯಿ ಅರೆದು ಹಾಕಿ ಮಾಡೋ ಪದಾರ್ಥ ಅವಿಲು. ಎಲ್ಲಾ ಸೇರಿಸಿದ್ರೂ 15,000ದ ಒಳಗೇ ಆಗ್ತದೆ ಅಂದ್ರು.

ಅಂದ್ರೆ ಮೋಸ ಅಲ್ವಾ ಕಾಕಾ, ಅಂದೆ. ಅವರು ತಲೆ ಅಲ್ಲಾಡಿಸಿದ್ರು. ನಾನೂ ಹೀಗೆ ಬಿಡಿಭಾಗ ತರಿಸಿ ಜೋಡಿಸಿ ಮಾರ್ತೇನೆ, ಅಂತ ಡ್ರಾಯರ್ ಎಳೆದು ತೋರಿಸಿದ್ರು. ಐದಾರು ವಾಚು. ಡಯಲ್ ಮೇಲೆ ಯಾವ ಹೆಸರೂ ಇಲ್ಲ. ಪ್ರತಿಯೊಂದರ ಜೊತೆ ಒಂದು ಚೀಟಿ, ಯಾವ ಭಾಗ ಎಂಥದ್ದು ಅಂತ ಬರೆದದ್ದು. ಮುಚ್ಚಳದ ಒಳಮೈಯಲ್ಲಿ ಸೂಜಿಯಲ್ಲಿ ಗೀಚಿದ ತಾರೀಕು. ಹೀಗೆ ಗೀಚೋದು ರಿಪೇರಿಯವರ ಹಳೇ ಕ್ರಮ. ಮುಂದೆ ಬಿಚ್ಚುವವನಿಗೆ ಹಿಂದೆ ಬಿಚ್ಚಿದವನು ಬಿಟ್ಟು ಹೋಗೋ ಗುರುತು.

ಆಮೇಲೆ ಅವರು ಹೇಳಿದ್ದನ್ನ ಹಾಗೇ ಹೇಳ್ತೀನಿ. "ನಮ್ಮ ಕಡೆ ಜೀಪ್ ನೋಡಿದ್ದೀರಲ್ವಾ? ಒಂದರ ಬಾಡಿ, ಇನ್ನೊಂದರ ಇಂಜಿನ್, ಮತ್ತೊಂದರ ಗೇರ್‌ಬಾಕ್ಸ್. ಆದ್ರೂ ಗುಡ್ಡದ ತೋಟಕ್ಕೆ ಹತ್ತುತ್ತದೆ. ಅದನ್ನ ಕಳ್ಳ ಜೀಪ್ ಅಂತ ಯಾರಾದ್ರೂ ಹೇಳ್ತಾರಾ? ಇಲ್ಲ. ಆದ್ರೆ ಇಂಜಿನ್ ಬದಲು ಮಾಡಿದ್ರೆ ಆರ್‌ಸಿಯಲ್ಲಿ ಬರೆಸಬೇಕು. ವಾಚಿಗೆ ಆರ್‌ಸಿ ಇಲ್ಲ ಮಾರಾಯ್ರೇ. ಮಾರುವವನ ಬಾಯಿಯೇ ಆರ್‌ಸಿ."

ಜೀಪಿನ ವಿಷಯದಲ್ಲಿ ಅವರು ಹೇಳಿದ್ದು ಕಾನೂನಿನ ಪ್ರಕಾರವೂ ಸರಿ, 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕಂತಲೇ 52ನೇ ಸೆಕ್ಷನ್ ಇದೆ.

ಇಷ್ಟಕ್ಕೇ ಮುಗಿದಿದ್ರೆ ನಾನು ಈ ಕಥೆ ನಿಮಗೆ ಹೇಳ್ತಿರಲಿಲ್ಲ. ವಾಷರ್ ಕೂರಿಸ್ತಾ ಕಾಕ ಕೇಳಿದ್ರು, "ನೀವು ಟೀವಿಯವರಲ್ವಾ?" ಹೌದು ಅಂದೆ, ಸ್ವಲ್ಪ ಖುಷಿಯಲ್ಲೇ. 2019ರ ಆಗಸ್ಟ್ ನಿಮಗೆ ನೆನಪಿರಬಹುದು. ಚಾರ್ಮಾಡಿಯ ಗುಡ್ಡಗಳು ಜರಿದು ಘಾಟಿ ರಸ್ತೆ ಬಂದ್ ಆಗಿತ್ತು. ಮೃತ್ಯುಂಜಯ ಹೊಳೆ ಉಕ್ಕಿ ಕೊಳಂಬೆಯ ಮನೆ, ತೋಟಗಳ ಮೇಲೆ ಮರಳು, ಮರದ ದಿಮ್ಮಿ ಬಂದು ಬಿದ್ದಿತ್ತು. "ಆ ದಿನ ಟೀವಿಯಲ್ಲಿ ನಮ್ಮ ಊರು ಅಂತ ಹೇಳಿ ಒಂದು ಸೇತುವೆ ಕೊಚ್ಚಿಕೊಂಡು ಹೋಗುವುದನ್ನ ತೋರಿಸಿದ್ರಂತೆ. ಅದು ನಮ್ಮ ಸೇತುವೆ ಅಲ್ಲ ಸಾರ್. ಯಾವ ಊರಿನದ್ದೋ, ಯಾವ ವರ್ಷದ್ದೋ. ದುಬೈಯಲ್ಲಿದ್ದ ನನ್ನ ಮಗ ಅದನ್ನ ನೋಡಿ ಇಡೀ ರಾತ್ರಿ ಫೋನ್ ಮಾಡಿದ್ದಾನೆ. ಇಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ನಾವು ಹೋದೆವು ಅಂತಲೇ ಲೆಕ್ಕ ಹಾಕಿದ್ದ ಅವನು."

ಯಾವ ಚಾನೆಲ್ ಅಂತ ಅವರು ಹೇಳಲಿಲ್ಲ. ಕೇಳೋ ಧೈರ್ಯ ನನಗೆ ಬರಲಿಲ್ಲ.

ನೀವು ಗಮನಿಸಿರ್ತೀರಿ, ಕೆಲವು ದೃಶ್ಯಗಳ ಮೂಲೆಯಲ್ಲಿ 'ಸಂಗ್ರಹ ಚಿತ್ರ' ಅಂತ ಸಣ್ಣಕ್ಷರದಲ್ಲಿ ಬರುತ್ತೆ. ಹಳೇ ದೃಶ್ಯ ಹಾಕೋದು ತಪ್ಪಲ್ಲ. ನಮ್ಮ ಕ್ಯಾಮೆರಾ ಅಲ್ಲಿಗೆ ತಲುಪೋ ಮೊದಲು ಪರದೆಯನ್ನ ಖಾಲಿ ಬಿಡೋಕಾಗಲ್ಲ. ಆದ್ರೆ ಆ ಎರಡು ಪದ ಬಿಟ್ಟರೆ ಅದು ಬೇರೆಯೇ ಆಗಿಬಿಡುತ್ತೆ. ಅವಸರದಲ್ಲಿ ಆ ಎರಡು ಪದ ಬಿಟ್ಟುಹೋದ ದಿನಗಳು ನನ್ನ ವೃತ್ತಿಯಲ್ಲೂ ಇವೆ. ಒಂದಲ್ಲ. ಮುಳ್ಳು ಒಂದು ಕಡೆಯದ್ದು, ಡಯಲ್ ಇನ್ನೊಂದು ಕಡೆಯದ್ದು, ಮೇಲೆ ದೊಡ್ಡ ಹೆಸರು. ನಾನೂ ಅವಿಲು ಬಡಿಸಿದವನೇ.

ಬೆಂಗಳೂರಿಗೆ ಬಂದ ಮೇಲೆ ಅಸಲಿ ಪರೀಕ್ಷೆ ಶುರುವಾಯ್ತು. ನನ್ನ ಸಹೋದ್ಯೋಗಿಯೊಬ್ಬರು ಆ ವಾಚಿನ ಮೇಲೆ ಮೊದಲಿಂದ ಕಣ್ಣಿಟ್ಟಿದ್ದರು. ಕೊಡ್ತೀರಾದ್ರೆ 45,000 ಕೊಡ್ತೀನಿ ಅಂದ್ರು. ನೋಡಿ, ಇಲ್ಲೇ ಮನಸ್ಸು ವಕೀಲನಾಗೋದು. ನಾನೇನೂ ಹೇಳದೆ ಸುಮ್ಮನಿದ್ದರೆ ಸುಳ್ಳು ಹೇಳಿದ ಹಾಗಾಗುತ್ತಾ? ನನಗೂ ಹಾಗೇ ಹೇಳಿ ಮಾರಿದ್ದರಲ್ಲ? ಅವರಿಗೆ ಬೇಕಿರೋದು ಹೆಸರು, ಹೆಸರು ಡಯಲ್ ಮೇಲೆ ಇದೆಯಲ್ಲ?

ನಮ್ಮ ದೇಶದಲ್ಲಿ ಈ ಕಲೆ ಹೊಸದಲ್ಲ. ನಮ್ಮ ಎಚ್‌ಎಂಟಿ 1961ರಲ್ಲಿ ಬೆಂಗಳೂರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚ್ ಮಾಡೋಕೆ ಶುರು ಮಾಡ್ತು. ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2016ರ ಜನವರಿಯಲ್ಲಿ. ಸಂಗ್ರಾಹಕರ ಮಧ್ಯೆ 'ಮುಂಬೈ ಸ್ಪೆಷಲ್' ಅನ್ನೋ ಮಾತಿದೆ. ಹಳೇ ಎಚ್‌ಎಂಟಿ ಮೆಷಿನ್‌ಗೆ ಕಂಪನಿ ಕನಸಲ್ಲೂ ಕಾಣದ ಬಣ್ಣದ ಡಯಲ್ ಹಾಕಿದ್ದಕ್ಕೆ ಆ ಹೆಸರು. ನಮ್ಮ ತಂದೆಯರ ಕಾಲದ ಫೇವರ್ ಲೂಬಾ ಸೀ ಕಿಂಗ್‌ಗೂ ಅದೇ ಅಲಂಕಾರ.

ಕಾನೂನು ಏನು ಹೇಳುತ್ತೆ ಅಂತ ನೋಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹಳೆಯದನ್ನ, ರಿಪೇರಿ ಮಾಡಿದ್ದನ್ನ ಹೊಸದು ಅಂತ ಮಾರಬಾರದು ಅಂತ ಸ್ಪಷ್ಟವಾಗಿದೆ. ಹೊಸದನ್ನ ಹಳೆಯದು ಅಂತ ಮಾರುವವರ ಹೆಸರೆತ್ತಿ ಅಲ್ಲಿ ಹೇಳಿಲ್ಲ. ಪಾಪ, ಕಾಯ್ದೆ ಬರೆದವರು ನಮ್ಮಂಥವರನ್ನ ನೋಡಿರಲಿಲ್ಲ. ಹಾಗಂತ ಬಿಟ್ಟಿಲ್ಲ, ಸರಕಿನ ಗುಣಮಟ್ಟ, ಮಾದರಿ ಬಗ್ಗೆ ಸುಳ್ಳು ಹೇಳಬಾರದು ಅನ್ನೋ ಮಾತು ಅದರಲ್ಲೇ ಇದೆ. ಇನ್ನೊಂದು ಗಟ್ಟಿ ಬೇಲಿ, 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ. ಸುಳ್ಳು ಹೆಸರಿನ ಸರಕು ಮಾರಿದ್ರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಅಂದ್ರೆ 'ಇದು ಜೋಡಿಸಿದ್ದು ಕಣಪ್ಪ' ಅಂತ ಕೊಳ್ಳುವವನಿಗೆ ನಿಜ ಹೇಳಿದ್ರೂ, ಆ ಡಯಲ್ ಅಲ್ಲಿರೋವರೆಗೆ ನಾನು ಅದನ್ನ ಮಾರೋ ಹಾಗಿಲ್ಲ. ಹಳೇ ಶೈಲಿಯ ವಾಚ್ ಮಾಡಿ ಮಾರೋದು ತಪ್ಪಲ್ಲ. ಇನ್ನೊಬ್ಬನ ಹೆಸರನ್ನ ಅದರ ಮುಖಕ್ಕೆ ಅಂಟಿಸೋದು ತಪ್ಪು.

ಎರಡು ವಾರ ಆದ ಮೇಲೆ ಸಹೋದ್ಯೋಗಿಗೆ ನಿಜ ಹೇಳಿದೆ. ಅವರು ನಕ್ಕು, "ಬಿಡಿ ಸರ್, ನಿಮಗೇ ಹಿಂಗಾದ್ರೆ ನಮ್ಮ ಗತಿಯೇನು" ಅಂತ ಹೋದ್ರು. ವಾಚನ್ನ ಚಿಕ್ಕಮ್ಮನ ಮಗನ ಕೈಲಿ ಕಕ್ಕಿಂಜೆಗೆ ಕಳಿಸಿದೆ. ಕಾಕ ಆ ಡಯಲ್ ತೆಗೆದು ಹೆಸರಿಲ್ಲದ ಕಪ್ಪು ಡಯಲ್ ಹಾಕಿದ್ರು. ಹಳೇ ಡಯಲ್ಲನ್ನ ಗೀಟು ಎಳೆದು ಕೆಡಿಸಿ ಸಣ್ಣ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕಳಿಸಿದ್ರು, ಅದು ಈಗ ಇದೇ ಮೇಜಿನ ಡ್ರಾಯರಲ್ಲಿದೆ. ಜೊತೆಗೆ ಚೀಟಿ. ಮೆಷಿನ್ ಎನ್‌ಎಚ್ 35, ಕೇಸ್ ಹೊಸತು, ಡಯಲ್ ಹೆಸರಿಲ್ಲದ್ದು, ಮುಳ್ಳು ಬೇರೆ, ವಾಷರ್ ಬದಲಿಸಿದೆ, ದಿನಕ್ಕೆ 15 ಸೆಕೆಂಡ್ ಮುಂದೆ ಹೋಗ್ತದೆ. ಕೊನೆಯಲ್ಲಿ ದಪ್ಪಕ್ಷರದಲ್ಲಿ, 'ಒತ್ತಡ ಪರೀಕ್ಷೆ ಮಾಡಿಲ್ಲ, ನೀರಿಗೆ ಇಳಿಸಬೇಡಿ.'

ನಮ್ಮ ಆಫೀಸಿನ ಹೊಸ ಕ್ಯಾಮೆರಾಮನ್ ಹುಡುಗ ಅದನ್ನ 14,000ಕ್ಕೆ ತಗೊಂಡ, ಎರಡು ಕಂತಲ್ಲಿ. 24,000 ರೂಪಾಯಿ ನನ್ನ ಜೇಬಿಂದ ಹೋಯ್ತು, ಹೆಂಡತಿಗೆ ಇನ್ನೂ ಲೆಕ್ಕ ಕೊಟ್ಟಿಲ್ಲ, ಈಗ ನೋಡ್ತಾ ಇರಬಹುದು. ಹೋದ ವಾರ ಅವನು ಮಲ್ಪೆಗೆ ಶೂಟಿಂಗ್‌ಗೆ ಹೋಗಿದ್ದ. ಸೊಂಟದವರೆಗೆ ಸಮುದ್ರಕ್ಕೆ ಇಳಿಯೋ ಕೆಲಸ. ಇಳಿಯೋ ಮೊದಲು ಡೈವರ್ ವಾಚನ್ನ ಬಿಚ್ಚಿ ಡ್ರೈವರ್ ಕೈಗೆ ಕೊಟ್ಟನಂತೆ. ಯಾಕೋ ಅಂತ ಕೇಳಿದೆ.

"ಚೀಟಿಯಲ್ಲಿ ಹಾಗೆ ಬರೆದಿತ್ತಲ್ಲ ಸರ್" ಅಂದ.