ಚಕ್ರ ಇದ್ದರೆ ಗಾಡಿ, ಇಲ್ಲದಿದ್ದರೆ ಮನೆ?

ಇವತ್ತು ಅಮೆರಿಕದ ಪುಟ್ಟ ಮನೆಗಳ ಮಾತು. ಅಡುಗೆಕಟ್ಟೆ, ಬಚ್ಚಲು, ಮಲಗೋಕೆ ಅಟ್ಟ, ಎಲ್ಲಾ ಇದೆ. ಆದ್ರೆ ಕಾನೂನಿನ ಕಣ್ಣಲ್ಲಿ ಅದು ಮನೆ ಹೌದೋ ಅಲ್ಲವೋ ಅನ್ನೋದು ಅದರ ಕೆಳಗೇನಿದೆ ಅನ್ನೋದರ ಮೇಲೆ ನಿಂತಿದೆ.

ಅಡಿಪಾಯ ಇದ್ದರೆ ಅದು ಮನೆ. 2018ರ ಅಂತಾರಾಷ್ಟ್ರೀಯ ವಸತಿ ಸಂಹಿತೆಯ ಅನುಬಂಧ 'ಕ್ಯೂ', ಅಟ್ಟ ಬಿಟ್ಟು 400 ಚದರ ಅಡಿವರೆಗಿನದ್ದನ್ನು ಪುಟ್ಟ ಮನೆ ಎಂದು ಒಪ್ಪಿತು. ಸ್ಥಳೀಯ ಆಡಳಿತ ಅದನ್ನು ಅಳವಡಿಸಿಕೊಂಡಿರಬೇಕು, ಅಷ್ಟೆ. ಶಾಶ್ವತ ಚಾಸಿಯ ಮೇಲೆ ಕಾರ್ಖಾನೆಯಲ್ಲಿ ಕಟ್ಟಿ ಸಾಗಿಸುವ ಮನೆಗೆ 1976ರಿಂದ ಕೇಂದ್ರ ವಸತಿ ಇಲಾಖೆಯ ಸಂಹಿತೆ ಇದೆ. ಅದರಂತೆ ಕಟ್ಟದ, ಚಕ್ರದ ಮೇಲಿನ ಪುಟ್ಟ ಮನೆ? ಬಹಳ ಕಡೆ ಅದು ವಿಹಾರದ ವಾಹನ. ಅಂದ್ರೆ ರಜೆ ಕಳೀರಿ, ಕಾಯಂ ಇರಬೇಡಿ!

ನಾನೂ ಇಂಜಿನಿಯರಿಂಗ್ ಓದಿದ್ದೀನಿ, ನಿಯಮವೇ ಬೇಡ ಅನ್ನಲ್ಲ. ಬೆಂಕಿ ಬಿದ್ದರೆ ಅಟ್ಟದಲ್ಲಿ ಮಲಗಿದ ಮಗು ಪಾರಾಗೋಕೆ ದಾರಿ ಬೇಕೇ ಬೇಕು. ಅನುಬಂಧ 'ಕ್ಯೂ' ಅದನ್ನೂ ಕೇಳುತ್ತೆ. ಆದರೆ ಆ ದಾರಿ ಇದ್ದೂ, ಕೆಳಗೆ ಚಕ್ರ ಇದೆ ಅಂತ ಒಂದು ಕುಟುಂಬವನ್ನ ಎಬ್ಬಿಸಿದರೆ ಯಾರು ಸುರಕ್ಷಿತರಾದರು? ಬಾಡಿಗೆ ಕಟ್ಟಲಾಗದೆ ಅಲ್ಲಿ ಸೇರಿದವರಿಗೆ ಹೋಗೋಕೆ ಇನ್ನೊಂದು ಮನೆ ಇರಲ್ಲ.